ಮೌನಕ್ಕೂ ಎರಡು ಪಾಳಿ

ಸ್ಮರಣಾ ದಿನದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಊರಿನ ಗಲಭೆಯಲ್ಲಿ ಸತ್ತವರಿಗಾಗಿ ಮೌನ ಆಚರಿಸುವುದಕ್ಕೂ ಪಾಳಿ ಹಾಕಿದ ಮೊದಲ ಅಧಿಕಾರಿ ಎಂಬ ಕೀರ್ತಿ ನಿಮಗೇ ಸಲ್ಲಬೇಕು. ಈ ಸಲದ ‘ರಾಷ್ಟ್ರೀಯ ಸ್ಮರಣೆ ಮತ್ತು ಏಕತಾ ದಿನ’ದಂದು ಈ ಕಡೆಯವರು ಬೆಳಿಗ್ಗೆ ಬಂದು ತಮ್ಮವರನ್ನು ನೆನೆದು ಹೋಗಬೇಕು, ಮೈದಾನ ಖಾಲಿಯಾದ ಮೇಲೆ ಆ ಕಡೆಯವರು ಮಧ್ಯಾಹ್ನ ಬಂದು ತಮ್ಮವರನ್ನು ನೆನೆಯಬೇಕು ಎಂದು ಅಪ್ಪಣೆ ಹೊರಡಿಸಿದ್ದೀರಿ. ಬೆಳಗಿನವರಿಗೆ ನೀಲಿ ಪಾಸು, ಮಧ್ಯಾಹ್ನದವರಿಗೆ ಹಳದಿ. ಎರಡರ ಮೇಲೂ ‘ನಾವೆಲ್ಲರೂ ಒಂದೇ’ ಎಂದು ಅಚ್ಚು ಹಾಕಿಸಿದ್ದೀರಿ. ಅಚ್ಚು ಹಾಕಿದವನಿಗೆ ನಗು ಬರಲಿಲ್ಲವೇ? ಅಥವಾ ಬಿಲ್ಲು ಪಾಸಾಗುವವರೆಗೆ ತಡೆದುಕೊಂಡನೇ? ಎರಡೂ ಪಾಳಿಗೆ ನೀವೇ ಅಧ್ಯಕ್ಷರಂತೆ. ನಿಮ್ಮ ಪಾಸು ಯಾವ ಬಣ್ಣದ್ದು?

ನಾನು ಯಾರೆಂದು ಹೇಳಿಬಿಡುತ್ತೇನೆ. ಗಲಭೆಯ ದಿನ ಸುಟ್ಟುಹೋದ ಟೌನ್ ಬಸ್ಸಿನ ಡ್ರೈವರ್ ನನ್ನ ಗಂಡ. ಅವರು ಈ ಕಡೆಯವರು, ಅದೇ ಬಸ್ಸಿನ ಕಂಡಕ್ಟರ್ ಆ ಕಡೆಯವನು. ವರ್ಷಗಟ್ಟಲೆ ಒಂದೇ ಗಾಡಿಯಲ್ಲಿ ದುಡಿದರು. ಚಿಲ್ಲರೆಗೂ ಜಗಳ, ಕಿಟಕಿ ಮುಚ್ಚುವುದಕ್ಕೂ ಜಗಳ. ಆದರೆ ಊಟದ ಡಬ್ಬಿಗಳು ಮಾತ್ರ ಬಾನೆಟ್ಟಿನ ಮೇಲೆ ಒಟ್ಟಿಗೇ ತೆರೆಯುತ್ತಿದ್ದವು. ಸಂಜೆ ಇವರು ಮನೆಗೆ ಬಂದು “ಇವತ್ತು ಉಪ್ಪು ಜಾಸ್ತಿಯಂತೆ” ಎಂದರೆ, ಅದು ಯಾರ ದೂರು ಎಂದು ನಾನು ಕೇಳಬೇಕಾಗಿರಲಿಲ್ಲ.

ಆ ದಿನ ಬಸ್ಸನ್ನು ಅಡ್ಡಗಟ್ಟಿದವರು ನನ್ನ ಕಡೆಯವರು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮುಂಬಾಗಿಲಿಗೆ ಬಂದು “ಯಾರ್ಯಾರು ಯಾವ ಕಡೆ? ನಮ್ಮೋರು ಇಳೀರಿ!” ಎಂದರಂತೆ. ಮುಂದಿನದನ್ನು ಬದುಕುಳಿದ ದರ್ಜಿಯೊಬ್ಬರು ನಮ್ಮ ಮನೆಗೆ ಬಂದು ಹೇಳಿದರು. ನನ್ನ ಗಂಡ ಸೀಟು ಬಿಟ್ಟು ಏಳದೆ, “ಇದು ಟೌನ್ ಬಸ್ಸು ಕಣ್ರಯ್ಯ. ಇಲ್ಲಿರೋರೆಲ್ಲ ಪ್ಯಾಸೆಂಜರು. ಇಳಿಸಿದ್ರೆ ಎಲ್ಲಾರ್ನೂ ಇಳಿಸ್ತೀನಿ, ಇಲ್ದಿದ್ರೆ ಯಾರೂ ಇಳಿಯಲ್ಲ” ಎಂದು ವಾದಕ್ಕೆ ಕೂತರು. ಆ ವಾದ ನಡೆಯುತ್ತಿದ್ದಾಗಲೇ ಕಂಡಕ್ಟರ್ ಹಿಂದಿನ ತುರ್ತು ಬಾಗಿಲು ತೆಗೆದು ಸಿಕ್ಕವರನ್ನೆಲ್ಲ ಹೊರಗೆ ದಬ್ಬಿದ. ಬೆಂಕಿ ಬಿದ್ದಾಗ ಅವನು ಹೊರಗಿದ್ದ. ಡ್ರೈವರನ್ನು ಎಳೆದು ತರಲು ಮತ್ತೆ ಒಳಗೆ ಹೋದ. ಇಬ್ಬರೂ ಬರಲಿಲ್ಲ.

ಪಾಸಿಗೆಂದು ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ಗುಮಾಸ್ತ ಒಳ್ಳೆಯವನು, ಕೂರಲು ಕುರ್ಚಿ ಕೊಟ್ಟ. ಆಮೇಲೆ ತಲೆ ಎತ್ತದೆ ಕೇಳಿದ: “ಯಾವ ಕಡೆಯಮ್ಮ ನೀವು?” ಮಾನ್ಯರೇ, ಮೈ ಉರಿದುಹೋಯಿತು. ಅಂದು ಬಸ್ಸು ತಡೆದವರ ಕೈಯಲ್ಲಿ ದೊಣ್ಣೆಯಿತ್ತು, ಇವನ ಕೈಯಲ್ಲಿ ರಬ್ಬರ್ ಸ್ಟ್ಯಾಂಪು. ಪ್ರಶ್ನೆ ಅದೇ ಅಲ್ಲವೇ? “ಬಸ್ಸಿನ ಕಡೆಯವಳಪ್ಪ” ಎಂದೆ. “ಆ ಥರ ಕಾಲಂ ಇಲ್ಲಮ್ಮ” ಎಂದು ನೀಲಿ ಪಾಸು ಕೊಟ್ಟ.

ಹೋದ ವರ್ಷ ಯಾರ ಹೆಸರು ಮೊದಲು ಓದಬೇಕೆಂಬ ರಂಪದಲ್ಲಿ ಕುರ್ಚಿಗಳು ಹಾರಾಡಿದವು, ಅದಕ್ಕೇ ಈ ಏರ್ಪಾಡು ಎನ್ನುತ್ತೀರಿ. ನನಗೂ ಗೊತ್ತು, ಅದರಲ್ಲೊಂದು ನನ್ನ ಕಾಲ ಮೇಲೇ ಬಿತ್ತು. ಎಸೆದವರು ಬೆರಳೆಣಿಕೆಯ ಮಂದಿ. ಅವರನ್ನು ಆಚೆ ಹಾಕುವುದು ಬಿಟ್ಟು ನಮ್ಮನ್ನೇ ಎರಡು ಹೋಳು ಮಾಡಿದಿರಿ. ಗೆರೆ ಎಳೆದರೆ ಶಾಂತಿ ಬರುವುದಾಗಿದ್ದರೆ ನನ್ನ ಗಂಡ ಆ ದಿನವೇ ಇಳಿದು ಮನೆಗೆ ಬರಬಹುದಿತ್ತು. ಬರಬಾರದಿತ್ತೇ ಎಂದು ನಾನು ಎಷ್ಟು ಸಲ ಅತ್ತಿದ್ದೇನೆ ಗೊತ್ತೇ ನಿಮಗೆ? ಅವರು ಇಳಿಯಲಿಲ್ಲ. ಇಳಿಯಲಿಲ್ಲ ಎಂಬ ಕಾರಣಕ್ಕೇ ತಾನೆ ಪ್ರತಿ ವರ್ಷ ನೀವು ಅವರ ಫೋಟೋಗೆ ಹೂವಿಡುವುದು? ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯಲ್ಲಿ ಗೆರೆ ಎಳೆಯುವ ಸೀಮೆಸುಣ್ಣ ಹಿಡಿದು ನಿಲ್ಲಲು ನಿಮಗೆ ಮುಜುಗರವಾಗುವುದಿಲ್ಲವೇ?

“ಸುಮ್ನೆ ಹೋಗಿ ಬಂದ್ಬಿಡಿ ಅತ್ತಿಗೆ, ಊರಿಗಿಲ್ಲದ ಉಸಾಬರಿ ನಿಮಗ್ಯಾಕೆ?” ಎಂದ ನನ್ನ ಮೈದುನ. ಕಂಡಕ್ಟರನ ತಾಯಿಯನ್ನು ನಾನು ದೊಡ್ಡಮ್ಮ ಎನ್ನುತ್ತೇನೆ. ಅವರಿಗೆ ಸಿಕ್ಕಿದ್ದು ಹಳದಿ ಪಾಸು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ನಿನ್ ಗಂಡಂದು ಬೆಳಿಗ್ಗೆ ಡ್ಯೂಟಿ, ನನ್ ಮಗಂದು ಮಧ್ಯಾಹ್ನ. ಹಾಗಾದ್ರೆ ಬಸ್ ಓಡ್ಸೋದ್ಯಾರೇ?” ಎಂದರು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಕ್ಕ ಮೇಲೆ ಅವರು ಪಾಸನ್ನು ಸಣ್ಣಗೆ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ನನ್ನ ಬೇಡಿಕೆ ದೊಡ್ಡದೇನಲ್ಲ. ಒಂದೇ ಹೊತ್ತು, ಒಂದೇ ಮೈದಾನ, ಒಂದೇ ಮೌನ. ಒಟ್ಟಿಗೆ ಸತ್ತವರ ಹೆಸರನ್ನು ಒಟ್ಟಿಗೆ ಓದಿ. ಅಪ್ಪಣೆ ಹಿಂತೆಗೆದುಕೊಳ್ಳದಿದ್ದರೆ ನಾನು ಬೆಳಿಗ್ಗೆ ಬರುವುದಿಲ್ಲ. ಮಧ್ಯಾಹ್ನ ನೀಲಿ ಪಾಸು ಹಿಡಿದು ದೊಡ್ಡಮ್ಮನ ಪಕ್ಕದಲ್ಲೇ ಕೂರುತ್ತೇನೆ. ಪೊಲೀಸರನ್ನು ಕರೆಸಿ, ಎಳೆದು ಹಾಕಿಸಿ, ಅದು ನಿಮ್ಮ ಅಧಿಕಾರ. ಒಂದು ಮಾತು ಮಾತ್ರ ತಿಳಿದಿರಲಿ. ದೊಡ್ಡಮ್ಮನಿಗೆ ಮಂಡಿ ನೋವು. ಮೌನಕ್ಕೆ ಎಲ್ಲರೂ ಎದ್ದಾಗ ಪ್ರತಿ ವರ್ಷ ಅವರು ಏಳುವುದು ನನ್ನ ಭುಜ ಹಿಡಿದೇ. ಬೇರೆ ಯಾರು ಕೈ ಕೊಟ್ಟರೂ ಏಳುವುದಿಲ್ಲವೆಂದು ಹೇಳಿಬಿಟ್ಟಿದ್ದಾರೆ. ನನ್ನನ್ನು ಹೊರಹಾಕಿದ ಮೇಲೆ, ಮಗನ ಹೆಸರು ಓದುವಾಗ ಹೆತ್ತ ತಾಯಿ ಯಾಕೆ ಏಳಲಿಲ್ಲ ಎಂದು ಯಾರಾದರೂ ಕೇಳಿದರೆ, ಉತ್ತರ ನೀವೇ ಕೊಡಿ.

ಇಂತಿ,
ಬೆಳಗಿನ ಪಾಳಿಗೆ ಬರದ, ಮಧ್ಯಾಹ್ನದ ಪಾಳಿಯಿಂದ ತಾನಾಗಿ ಕದಲದ,
ಡ್ರೈವರನ ಹೆಂಡತಿ