ಕಾಲರಿನ ಕೆಂಪು ದಾರ

ಧಾರವಾಡ
ಫೆಬ್ರವರಿ ಮೂವತ್ತು, ೨೧೯೧

ಹಿಂದಿನ ಕಾಲದ ಓದುಗರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲವೆಂದು ನನಗೆ ಗೊತ್ತು. ಎಲ್ಲ ತಿಂಗಳುಗಳನ್ನೂ ಮೂವತ್ತು ದಿನಕ್ಕೆ ಸಮ ಮಾಡಿಕೊಂಡು ನಮಗೆ ಬಹಳ ಕಾಲವಾಯಿತು. ವರ್ಷದ ಕೊನೆಗೆ ಉಳಿಯುವ ಐದಾರು ದಿನಗಳಲ್ಲಿ ಯಾರ ಮುದ್ರೆಯೂ ನಡೆಯುವುದಿಲ್ಲ, ಊರೆಲ್ಲ ಮನೆಯಲ್ಲೇ ಕೂರುತ್ತದೆ. ಮುದ್ರೆ ಎಂದರೇನೆಂದು ಮುಂದೆ ಹೇಳುತ್ತೇನೆ. ನಿಮ್ಮ ಕಾಲದ ಬರವಣಿಗೆಯನ್ನು ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೇನೆ, ಆದರೆ ಅದರಲ್ಲಿ ಬರೆಯುತ್ತಿರುವುದು ಇದೇ ಮೊದಲು. ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಕಾಲದ ಹಿಂದಕ್ಕೆ ಬರಿಯ ಕಾಗದವನ್ನಷ್ಟೇ ಒಯ್ಯುತ್ತದೆ. ಮುದ್ರೆ ಬಿದ್ದದ್ದನ್ನು ಒಯ್ಯಲಾರದು, ಏಕೆಂದರೆ ಪ್ರತಿ ಮುದ್ರೆಯೊಳಗೂ ಅದು ಹುಟ್ಟಿದ ಗಳಿಗೆ ಬರೆದಿರುತ್ತದೆ, ಅದಕ್ಕಿಂತ ಹಿಂದಿನ ದಿನಗಳಲ್ಲಿ ಅದಕ್ಕೆ ಬೆಲೆಯಿಲ್ಲ. ಹಾಗಾಗಿ ನಾನು ಯಾರೆಂಬುದಕ್ಕೆ ನಿಮ್ಮ ಬಳಿ ನನ್ನ ಮಾತಲ್ಲದೆ ಬೇರೇನೂ ಇರುವುದಿಲ್ಲ. ನಮ್ಮಲ್ಲಾದರೆ ಇಂಥ ಕಾಗದವನ್ನು ಯಾರೂ ಬಿಚ್ಚಿಯೂ ನೋಡುವುದಿಲ್ಲ.

ನಿಮ್ಮ ಕಾಲದಲ್ಲಿ ವೆಬ್‌ಸೈಟಿನ ವಿಳಾಸದ ಪಕ್ಕದಲ್ಲಿ ಸಣ್ಣ ಬೀಗದ ಚಿತ್ರವೊಂದು ಇರುತ್ತಿತ್ತಂತೆ. ಅದನ್ನು ಕಂಡರೆ ಜನ ನಿಶ್ಚಿಂತರಾಗುತ್ತಿದ್ದರಂತೆ. ನಡುವೆ ಯಾರೂ ಕದ್ದು ಕೇಳುತ್ತಿಲ್ಲ, ವಿಳಾಸ ಇದೇ ಎಂದು ಬೀಗ ಹೇಳುತ್ತಿತ್ತು. ಆ ಕಡೆ ಕೂತವನು ಒಳ್ಳೆಯವನೆಂದು ಅದು ಎಂದೂ ಹೇಳಿರಲಿಲ್ಲ. ನಮ್ಮ ಮುದ್ರೆ ಆ ಬೀಗದ ಮರಿಮಗಳು. ಹುಣಸೆಬೀಜದಷ್ಟು ದೊಡ್ಡ ತಾಮ್ರದ ಬಿಲ್ಲೆಯಲ್ಲಿ ಅದು ಇರುತ್ತದೆ, ನಾವು ಅದನ್ನು ಕೊರಳಲ್ಲಿ ಹಾಕಿಕೊಳ್ಳುತ್ತೇವೆ. ಬಸ್ಸು, ರೇಷನ್ ಅಂಗಡಿ, ಆಸ್ಪತ್ರೆ, ಸ್ವಂತ ಮನೆಯ ಬಾಗಿಲು, ಎಲ್ಲಕ್ಕೂ ಅದೇ ಬೇಕು. ಅದರ ಆಯುಷ್ಯ ಒಂದು ದಿನ. ಜೀವವಿರುವಷ್ಟು ಹೊತ್ತು ಹಸಿರು ದೀಪ ತೋರಿಸುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ ಸಾಯುತ್ತದೆ. ಅದಕ್ಕೆ ಮುಂಚೆ ಇಬ್ಬರು ನಮ್ಮನ್ನು ಕಣ್ಣಾರೆ ನೋಡಿ, ಹಿತ್ತಾಳೆ ತಟ್ಟೆಯ ಮೇಲೆ ಹೆಬ್ಬೆರಳಿಟ್ಟು, ಹೆಸರು ಹೇಳಿ "ಕಂಡೆ" ಎನ್ನಬೇಕು. ಜೊತೆಗೆ ಆ ದಿನದ ಒಂದು ಗುರುತು ಬರೆಯಬೇಕು. ಹೊಸ ಗಾಯ, ಹರಿದ ಚಪ್ಪಲಿ, ಅಂಗಿಗೆ ಚೆಲ್ಲಿದ ಚಹಾ, ಹೀಗೆ. ಮುಖವನ್ನೂ ದನಿಯನ್ನೂ ಯಂತ್ರಗಳು ಕುಳಿತಲ್ಲೇ ಹೆಣೆಯುತ್ತವೆ. ಇವತ್ತು ಬೆಳಿಗ್ಗೆ ಯಾರ ಅಂಗಿಗೆ ಚಹಾ ಚೆಲ್ಲಿತೆಂದು ಅವಕ್ಕೆ ತಿಳಿಯದು ಎಂಬುದು ನಮ್ಮ ನಂಬಿಕೆಯಾಗಿತ್ತು.

ಕಂಡೆ ಎಂದವರಿಗೆ ಇನ್ನಿಬ್ಬರು ಹೊಣೆ, ಅವರಿಗೆ ಮತ್ತಿಬ್ಬರು. ಹೀಗೆ ಮೇಲೇರುತ್ತ ಹೋದರೆ ಕೊನೆಗೆ ಬೇರುಮನೆ ಸಿಗುತ್ತದೆ. ಬೇರುಮನೆಗೆ ಯಾರು ಹೊಣೆ ಎಂದು ಕೇಳಿದರೆ, ಅದಕ್ಕೆ ಅದೇ ಹೊಣೆ ಎನ್ನುತ್ತಾರೆ. ಅದು ಯಾವ ಊರಲ್ಲಿದೆಯೆಂದು ಹೇಳಬಲ್ಲವರನ್ನು ನಾನು ಇದುವರೆಗೆ ಕಂಡಿಲ್ಲ.

ಸಾಹಿತ್ಯ ಓದಿದ ನನಗೆ ಲಸಿಕೆಗಳನ್ನು ತಂಪಾಗಿಡುವ ಕಂಪನಿಯಲ್ಲಿ ಗುರುತು ಬರೆಯುವ ಕೆಲಸ ಸಿಕ್ಕಿತು. ಮಾತು ಕಡಿಮೆ, ಮೂಲೆಯಲ್ಲಿ ಕೂತು ಜನರನ್ನು ನೋಡುತ್ತಿರುತ್ತೇನೆ ಎಂಬುದೇ ನನ್ನ ಅರ್ಹತೆ. ಇಪ್ಪತ್ಮೂರು ಜನರ ಮುದ್ರೆ ದಿನವೂ ನನ್ನ ಮಾತಿನ ಮೇಲೆ ನಿಲ್ಲುತ್ತಿತ್ತು. ಎರಡನೆಯ ಸಾಕ್ಷಿ ಚಂದಪ್ಪ ತಳವಾರ. ಅವರು ತಲೆ ಎತ್ತುತ್ತಲೇ ಇರಲಿಲ್ಲ. "ಪರಿಮಳಾ ಏನ್ ಬರದಾಳ, ನಂದೂ ಅದ" ಎಂದು ಹೆಬ್ಬೆರಳೊತ್ತಿ ಚುರುಮುರಿ ತಿನ್ನಲು ಕೂರುತ್ತಿದ್ದರು.

ಆ ಇಪ್ಪತ್ಮೂರು ಜನರಲ್ಲಿ ಇಮಾಮಸಾಬ ನದಾಫರೂ ಒಬ್ಬರು. ನಾನು ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕಿ ಎನ್ನುತ್ತೇನೆ. ಊರ ಹೊರಗಿನ ತಂಪುಕೋಣೆಗಳನ್ನು ಅವರೊಬ್ಬರೇ ನೋಡಿಕೊಳ್ಳುತ್ತಾರೆ. ಒಂದು ಸಂಜೆ ಗೇಟಿನ ಬಳಿ ನನ್ನನ್ನು ತಡೆದರು. "ಯವ್ವಾ, ನಾಳೆ ನಿಮ್ಮ ಕಾಕೀದು ಕಣ್ಣಿನ ಆಪರೇಷನ್ ಐತಿ. ಹನ್ನೊಂದಕ್ಕ ಬಂದಬಿಡ್ತೀನಿ. ಮುದ್ರಿ ಸತ್ತರ ಹೊಸಾದಕ್ಕ ನಲವತ್ತ ದಿನ ಅಲೀಬೇಕು, ಗೊತ್ತಲ್ಲ ನಿನಗ. ಒಂದ್ ಮಾತ ಕಂಡೆ ಅಂದಬಿಡು."

ಇದು ನಮ್ಮಲ್ಲಿ ಹೊಸದಲ್ಲ. ಕಾಲೇಜಿನಲ್ಲಿ ಗೆಳತಿಯ ಹೆಸರು ಕೂಗಿದಾಗ ನಾವು ಹಾಜರಿ ಹೇಳಿದವರೇ. ಬಾರದ ಗೆಳೆಯನಿಗೆ ಹಾಜರಿ ಹಾಕುವುದು ಸುಳ್ಳೆಂದು ನಮಗೆ ಅನ್ನಿಸುವುದೇ ಇಲ್ಲ, ಹಾಕದಿದ್ದರೆ ಮಾತ್ರ ಕಲ್ಲುಮನಸ್ಸಿನವರು ಎನ್ನಿಸಿಕೊಳ್ಳುತ್ತೇವೆ. ನಾನು ಆಗಲಿ ಎಂದೆ. ಇಲ್ಲ ಎನ್ನಲು ಬೇಕಾಗುವ ದನಿ ನನಗಿಲ್ಲ.

ಮರುದಿನ ಎಂಟೂ ಮುಕ್ಕಾಲಿಗೆ ಗುರುತಿನ ಪುಸ್ತಕದ ಮುಂದೆ ಕೂತು, ನೋಡದ ಮನುಷ್ಯನ ಬಗ್ಗೆ ಏನು ಬರೆಯಲಿ ಎಂದು ಯೋಚಿಸಿದೆ. ನಿಜ ಹೇಳಬೇಕೆಂದರೆ ಅದು ನನಗೆ ಖುಷಿ ಕೊಟ್ಟಿತು. "ಇಮಾಮಸಾಬ ನದಾಫ್. ಕಂಡೆ. ಎಡ ಕಾಲರಿನ ಗುಂಡಿ ಕಿತ್ತುಹೋಗಿದೆ. ಅಲ್ಲಿ ಕೆಂಪು ದಾರ ನೇತಾಡುತ್ತಿದೆ" ಎಂದು ಬರೆದೆ. ಕೆಂಪು ಎಂಬುದು ಬರೆಯುತ್ತಿದ್ದಂತೆ ತಾನಾಗಿ ಬಂತು. ಚಂದಪ್ಪನವರು ಹೆಬ್ಬೆರಳೊತ್ತಿದರು.

ಹತ್ತು ಗಂಟೆಗೆ ಕಚೇರಿಯ ಗೋಡೆಯ ಪರದೆಯಲ್ಲಿ ಇಮಾಮಸಾಬರು ಕಾಣಿಸಿಕೊಂಡರು. ತಂಪುಕೋಣೆಯಿಂದ ಮಾತನಾಡುತ್ತಿದ್ದರು. "ನೀಲವ್ವಾರ, ಮೂರನೇ ಕೋಣಿ ಖಾಲಿ ಆಗೇತ್ರಿ. ತೊಳೀಬೇಕು. ತಂಪು ಬಂದ್ ಮಾಡ್ರಿ." ನೀಲವ್ವ ಕಮ್ಮಾರ ನಮ್ಮ ಮೇಲ್ವಿಚಾರಕಿ. ಆಕೆ ಎಂದಿನಂತೆ ಗುರುತಿನ ಪುಸ್ತಕ ತೆಗೆದು, ಆ ದಿನದ ಸಾಲನ್ನು ಓದಿ, ಪರದೆಯತ್ತ ನೋಡಿದಳು. ನಾನೂ ನೋಡಿದೆ. ಎಡ ಕಾಲರಿನಲ್ಲಿ ಗುಂಡಿ ಇರಲಿಲ್ಲ. ಕೆಂಪು ದಾರ ನೇತಾಡುತ್ತಿತ್ತು.

ಆ ದಾರ ನನ್ನ ತಲೆಯಲ್ಲಿ ಹುಟ್ಟಿ ಆಗ ಸರಿಯಾಗಿ ಒಂದೂಕಾಲು ಗಂಟೆಯಾಗಿತ್ತು. ಲೋಕದಲ್ಲಿ ಅದು ಎಲ್ಲೂ ಇರಲಿಲ್ಲ. ಅದನ್ನು ತೊಟ್ಟುಕೊಂಡವನು ನಮ್ಮ ಪುಸ್ತಕವನ್ನು ಓದಿರಬೇಕು.

ಕೋಣೆ ಖಾಲಿ ಇರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ನಾಲ್ಕು ಜಿಲ್ಲೆಯ ಹಸುಗೂಸುಗಳ ಲಸಿಕೆ ಅಲ್ಲಿತ್ತು. ಆ ಗಳಿಗೆಯಲ್ಲಿ ಗೊತ್ತಿದ್ದದ್ದು ಇಷ್ಟೆ: ನೀಲವ್ವನ ಕೈ ಸ್ವಿಚ್ಚಿನ ಕಡೆ ಹೋಗುತ್ತಿದೆ. "ಅಕ್ಕಾ, ನನಗ್ಯಾಕೋ ಅನುಮಾನ" ಎಂದೆ. "ಮುದ್ರಿ ಹಸಿರು ಐತಿ, ಗುರುತು ಕೂಡೇತಿ. ಇನ್ನೇನ ಬೇಕವಾ ನಿನಗ? ಅನುಮಾನ ಬರಿಯಾಕ ಇದರಾಗ ಕಾಲಮ್ ಇಲ್ಲ" ಎಂದಳು. ಆಕೆಯ ಮಾತು ತಪ್ಪಲ್ಲ. ಅವಳನ್ನು ತಡೆಯಲು ಒಂದೇ ದಾರಿಯಿತ್ತು. ನಾನು ಸುಳ್ಳು ಸಾಕ್ಷಿ ಹೇಳಿದೆನೆಂದು ಒಪ್ಪಿಕೊಂಡರೆ ನನ್ನ ಹೆಸರು ಸುಟ್ಟಪಟ್ಟಿಗೆ ಸೇರುತ್ತದೆ. ಸುಟ್ಟಪಟ್ಟಿಗೆ ಸೇರಿದವರ ಮಾತಿನ ಮೇಲೆ ನಿಂತ ಮುದ್ರೆಗಳೆಲ್ಲ ಅದೇ ಕ್ಷಣ ಸಾಯುತ್ತವೆ. ಇಪ್ಪತ್ಮೂರು ಜನ. ಅವರಲ್ಲಿ ಒಬ್ಬರು ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿದ್ದಾರೆ.

"ಆ ದಾರ ಸುಳ್ಳಕ್ಕಾ. ನಾನು ಇವತ್ತು ಕಾಕಾನ್ನ ನೋಡೇ ಇಲ್ಲ" ಎಂದೆ. ಕಚೇರಿಯಲ್ಲಿ ನಾನು ಅಷ್ಟು ಜೋರಾಗಿ ಮಾತನಾಡಿದ್ದು ಅದೇ ಮೊದಲಂತೆ. ಪರದೆಯ ಮೇಲಿನ ಮುಖ ಒಂದು ಕ್ಷಣ ನನ್ನನ್ನೇ ನೋಡಿ ಆರಿಹೋಯಿತು. ಅದರ ಹಿಂದೆ ಇದ್ದವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಆಸ್ಪತ್ರೆಯ ಆಪರೇಷನ್ ಕೋಣೆಯ ಹೊರಗೆ ಬಿಲ್ಲೆಗಳನ್ನು ಒಂದು ಬುಟ್ಟಿಯಲ್ಲಿ ಇಡಬೇಕಾಗುತ್ತದೆ. ಇಮಾಮಸಾಬರ ಬಿಲ್ಲೆ ಒಂಬತ್ತಕ್ಕೂ ಮುಂಚೆಯೇ ಅಲ್ಲಿಂದ ಕಳುವಾಗಿತ್ತು. ಬೆಳಿಗ್ಗೆ ನಾನು ಪುಸ್ತಕದಲ್ಲಿ ಏನೂ ಬರೆಯದಿದ್ದರೆ ಅದು ಒಂಬತ್ತಕ್ಕೆ ಕಳ್ಳನ ಕೈಯಲ್ಲೇ ಸಾಯುತ್ತಿತ್ತು. ನನ್ನ "ಕಂಡೆ" ಅದಕ್ಕೆ ಜೀವ ಕೊಟ್ಟಿತು.

ಲಸಿಕೆ ಉಳಿಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಕಾಕಿ ಮಾತ್ರ, ಮನೆಯ ಬಾಗಿಲು ಗಂಡನಿಗೆ ತೆರೆಯದ ಕಾರಣ, ಅದನ್ನು ತನ್ನ ಮುದ್ರೆಗೆ ಬದಲಿಸಿಕೊಳ್ಳುವವರೆಗೆ ಮೂರು ದಿನ ತಂಗಿಯ ಮನೆಯಲ್ಲಿ ಉಳಿಯಬೇಕಾಯಿತು. ಇಪ್ಪತ್ಮೂರು ಜನ ನಲವತ್ತು ದಿನ ಬಾಗಿಲಿಂದ ಬಾಗಿಲಿಗೆ ಅಲೆದರು. ಚಂದಪ್ಪನವರು ಈಗಲೂ ನನ್ನನ್ನು ಬೀದಿಯಲ್ಲಿ ಕಂಡರೆ "ಕವಿಯತ್ರಿ ಬಂದ್ಳು, ಕಾಲರ್ ಮುಚ್ಚಕೋರಿ!" ಎಂದು ಕೂಗುತ್ತಾರೆ. ನನಗೆ ಮುದ್ರೆ ಮತ್ತೆ ಸಿಗಲಿಲ್ಲ. ಹೊರಗಿನಿಂದ ತಾಯಿಯ ಮುದ್ರೆಗಷ್ಟೇ ತೆರೆಯುವ ಬಾಗಿಲಿನ ಹಿಂದೆ ಇರುತ್ತೇನೆ.

ಹೋದ ವಾರ ಇಮಾಮಸಾಬರು ಬಂದರು. ಕಿಟಕಿಯಿಂದ ನೋಡಿದೆ. ನಾನು ಮೊದಲು ನೋಡಿದ್ದು ಅವರ ಕಾಲರನ್ನು. ಅವರಿಗೆ ಗೊತ್ತಾಯಿತು. "ನಾನ ಅದೀನವ್ವಾ. ನೋಡು, ಎರಡೂ ಗುಂಡಿ ಗಟ್ಟಿ ಅದಾವ. ಕಾಕಿ ನಿನಗ ಮಾದಲಿ ಕೊಟ್ಟು ಕಳಿಸ್ಯಾಳ" ಎಂದು ನಕ್ಕರು. ಗುಂಡಿ ಗಟ್ಟಿಯಾಗಿರಬೇಕೆಂದು ಆ ಕಳ್ಳನಿಗೂ ಈಗ ಗೊತ್ತಿರುತ್ತದಲ್ಲ ಎಂದು ನಾನು ಯೋಚಿಸುತ್ತಿದ್ದೆ. ಬಾಗಿಲು ತೆರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರು ಸಿಹಿಯ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಹೋಗಿದ್ದರು. ಡಬ್ಬಿ ಇನ್ನೂ ಬೆಚ್ಚಗಿತ್ತು.

ನೀವು ಇನ್ನೂ ಈ ದಾರಿಯ ಆರಂಭದಲ್ಲಿದ್ದೀರಿ, ಅದಕ್ಕೆ ಒಂದೇ ಕೋರಿಕೆ. ಯಾರಾದರೂ ನಿಮ್ಮ ಪ್ರೀತಿಯವರೇ ಬಂದು "ನನ್ನ ಪರವಾಗಿ ಒಂದು ಮಾತು ಹೇಳು" ಎಂದರೆ, ಮೊದಲು ಹೋಗಿ ಅವರನ್ನು ನೋಡಿ. ಬೀಗದ ಚಿತ್ರವನ್ನು, ಹಸಿರು ದೀಪವನ್ನು ಆಮೇಲೆ ನೋಡಿ. ನಾವು ನೋಡುವ ಕೆಲಸವನ್ನು ಮುದ್ರೆಗೆ ಬಿಟ್ಟೆವು. ಈಗ ಮನೆಗೆ ಬಂದವರನ್ನು ನೋಡಿದರೂ ಕಂಡಂತಾಗುವುದಿಲ್ಲ.

ನನ್ನನ್ನೂ ಸುಮ್ಮನೆ ನಂಬಬೇಡಿ. ಹಿಂದಂಚೆಯ ದಾರಿಯಲ್ಲಿ ಎಷ್ಟು ಕೈಗಳಿವೆಯೋ ನನಗೆ ತಿಳಿಯದು, ಅವರೆಲ್ಲ ಇದನ್ನು ಓದಿಯೇ ಮುಂದೆ ಕಳಿಸುತ್ತಾರೆ. ಆದ್ದರಿಂದ ಒಂದು ಗುರುತು ಕೊಡುತ್ತೇನೆ. ಈ ಕಾಗದಕ್ಕೆ ನಾನು ಏನನ್ನೂ ಹೊಲಿದಿಲ್ಲ, ಏನನ್ನೂ ಅಂಟಿಸಿಲ್ಲ. ಇದರ ಮೂಲೆಯಲ್ಲಿ ನಿಮಗೆ ಕೆಂಪು ದಾರ ಕಂಡರೆ, ಇದನ್ನು ಬರೆದವಳು ನಾನಲ್ಲ.

ಪರಿಮಳಾ ಹೂಗಾರ