ಸುಣ್ಣದ ಬಕೆಟ್ಟಿನ ವಿಡಿಯೊ

ಅಕ್ಕಾ,

ನಿನ್ನ ವಿಳಾಸ ನನ್ನ ಹತ್ತಿರ ಇಲ್ಲ. ಇದ್ದರೂ ಈ ಕಾಗದ ಕಳಿಸುವ ಮುಖ ನನಗಿಲ್ಲ.

ಇವತ್ತು ಬೆಳಿಗ್ಗೆ ಒಂದು ಮನೆಗೆ ಬಣ್ಣ ಬಳಿಯಲು ಹೋಗಿದ್ದೆ. ಮನೆಯೊಡತಿಯ ಮಗಳು ನಗುತ್ತಾ ಮೊಬೈಲು ತೋರಿಸಿದಳು. ಬೆಕ್ಕೊಂದು ಹಿಟ್ಟಿನ ಡಬ್ಬಿಯೊಳಗೆ ಬಿದ್ದು ಒದ್ದಾಡುತ್ತಿತ್ತು. ಅದಕ್ಕೆ ಯಾರೋ ನಿನ್ನ ದನಿ ಅಂಟಿಸಿದ್ದರು: "ಅಯ್ಯೋ, ಕಣ್ಣು ಉರೀತಿದೆ ಕಣೇ, ನೀರು ಕೊಡೇ!"

"ಈ ವಾಯ್ಸ್ ಈಗ ಎಲ್ಲಾ ಕಡೆ ಓಡ್ತಿದೆ ಆಂಟಿ," ಎಂದಳು. ಕೆಸರಲ್ಲಿ ಜಾರಿದ ಮುದುಕನಿಗೂ ನಿನ್ನದೇ ದನಿ, ಹಾಲು ಚೆಲ್ಲಿಕೊಂಡ ಮಗುವಿಗೂ ನಿನ್ನದೇ.

ಮಧ್ಯಾಹ್ನ ಊಟ ಬಿಟ್ಟು, ಏಣಿಯ ಕೆಳಗೆ ಕೂತು ಆ ದನಿ ಇರುವ ನಮ್ಮ ಸುಣ್ಣದ ವಿಡಿಯೊವನ್ನು ಪೂರ್ತಿ ನೋಡಿದೆ. ನಮ್ಮ ಬೇರೆ ತಮಾಷೆ ವಿಡಿಯೊಗಳಲ್ಲಿ ಮೊಟ್ಟೆ ಒಡೆದದ್ದು, ಎಣ್ಣೆ ಚೆಲ್ಲಿದ್ದು ಎಲ್ಲಾ ಇಬ್ಬರೂ ಮಾತಾಡಿಕೊಂಡೇ ಮಾಡಿದ್ದೆವು. ಇದೊಂದನ್ನು ಮಾತ್ರ ನಿನಗೆ ಹೇಳಿರಲಿಲ್ಲ. ನಿನ್ನ ತಲೆಯ ಮೇಲೆ ಏಣಿಗೆ ನೇತುಹಾಕಿದ್ದ ಬಕೆಟ್ಟಿನ ಕೊಕ್ಕೆ ಸಡಿಲ ಮಾಡಿದ್ದು ನಾನು. ಸುಣ್ಣ ಮುಖದ ಮೇಲೆ ಸುರಿದಾಗ ನೀನು ಎರಡೂ ಕೈ ಚಾಚಿ ನನ್ನನ್ನು ಹುಡುಕುತ್ತೀಯ. ನಾನು ಮೊಬೈಲು ಅಲುಗಾಡದ ಹಾಗೆ ಹಿಡಿದುಕೊಂಡು ನಗುತ್ತಲೇ ಇದ್ದೇನೆ. ಥೂ, ಎಂಥಾ ಹೇಸಿಗೆ ನಗು ಅದು! ನೀನು ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗಲೇ ಅದನ್ನು ಊರಿಗೆಲ್ಲ ಹಂಚಿದೆ.

ಸಂಜೆ ಕುಂಚ ತೊಳೆಯುತ್ತಿದ್ದಾಗ ಆ ಹುಡುಗಿ ಮತ್ತೆ ಬಂದಳು. "ಆಂಟಿ, ಆ ವಾಯ್ಸಿನ ಹೆಂಗಸಿಗೆ ನಿಜವಾಗ್ಲೂ ಹಾಗಾಗಿರುತ್ತಾ, ಇಲ್ಲಾ ನಾಟಕಾನಾ?"

"ನಾಟಕ ಕಣಮ್ಮ," ಎಂದೆ.

"ಎಷ್ಟು ಚೆನ್ನಾಗಿ ಮಾಡಿದಾಳೆ ಅಲ್ವಾ!"

ಹೌದು ಎಂದು ತಲೆಯಾಡಿಸಿದೆ ಅಕ್ಕಾ.