ಜೋಡಿದೋಣಿಯೂ ಅತ್ತೆಯ ನೆರಳುಗಳೂ

ತೇಲೂರು, ೨೪೧೮ರ ಫೆಬ್ರವರಿ ೩೦

ನನ್ನ ಹಿರಿಯರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಪಾಪ, ಎಷ್ಟು ಕಾಲ ಅದಕ್ಕೆ ಅನ್ಯಾಯವಾಗಿತ್ತು! ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಹೊನ್ನಾವರದಾಚೆ ಕಡಲ ಮೇಲೆ ತೇಲುವ ಈ ಊರಿನಿಂದ ನಾನು ಬರೆಯುತ್ತಿರುವುದು, ನಿಮ್ಮ ಕಾಲದ ಕಂಪ್ಯೂಟರ್ ಆಟವೊಂದು ನನ್ನ ಮದುವೆಯನ್ನೇ ಮುಂದೂಡಹೊರಟಿತ್ತು ಎಂದು ತಿಳಿಸಲು.

ನಮ್ಮಲ್ಲಿ ಜೋಡಿದೋಣಿ ಎಂಬ ಶಾಸ್ತ್ರವಿದೆ. ತಾಳಿಗೆ ಮೊದಲು ವಧೂವರರು ಆ ಹಳೆಯ ಆಟದ ದೋಣಿಯನ್ನು ಸೇತುವೆಗಳ ಕೆಳಗೆ ನಡೆಸಿ ದಡ ಸೇರಿಸಬೇಕು. ಚುಕ್ಕಾಣಿ ಅವಳದು, ವೇಗ ಅವನದು. ಮೂರು ಸಲ ಅವಕಾಶ. ಮೂರೂ ತಪ್ಪಿದರೆ ಮದುವೆ ಒಂದು ವರ್ಷ ಮುಂದಕ್ಕೆ. ಪರದೆ ಹೆಣ್ಣಿನ ಕಡೆಯವರು ತರುವುದು, ಆಟ ನಡೆಸುವ ಯಂತ್ರ ಗಂಡಿನ ಕಡೆಯವರು. ಇಂಥಲ್ಲಿ ಜಂಬಕ್ಕೇನು ಕೊರತೆ? ನನ್ನ ಅಪ್ಪ ಗೋಡೆಯಗಲದ ಪರದೆ ಹೊರಿಸಿಕೊಂಡು ಬಂದರು. ವರ ತರಂಗನ ತಾಯಿ, ಈಗ ನನ್ನ ಅತ್ತೆ, ವೈಜಯಂತಮ್ಮ ಆಟದೊಳಗಿನ ಅಲಂಕಾರಗಳನ್ನೆಲ್ಲ ತುತ್ತತುದಿಗೆ ಏರಿಸಿದರು: ಎಲೆಎಲೆಗೂ ನೆರಳು, ನೀರಿನಲ್ಲಿ ಮೋಡದ ಬಿಂಬ, ಸಾಲದ್ದಕ್ಕೆ ಮಂಜು.

ಯಂತ್ರ ಏದುಸಿರು ಬಿಟ್ಟಿತು. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆಯೋ ಅದನ್ನು ನಾವು ಚಿತ್ರಗತಿ ಎನ್ನುತ್ತೇವೆ. ಅದು ಕುಂಟತೊಡಗಿತು, ಸೇತುವೆ ನಡುವೆ ಹರಿದು ಎರಡಾಗಿ ಕಂಡಿತು. ಅಪಶಕುನವೆಂದು ಅಪ್ಪ ಬೀಗ ಹಾಕಿಸಿದರು, ಎಂದರೆ ಪರದೆ ಸಿದ್ಧವಾಗುವವರೆಗೂ ಚಿತ್ರ ಬಾಗಿಲಲ್ಲೇ ಕಾಯುವ ಏರ್ಪಾಡು. ಹರಕು ಹೋಯಿತು, ಕೈತಡ ಬಂತು. ಗುಂಡಿ ಒತ್ತುವುದಕ್ಕೂ ದೋಣಿ ತಿರುಗುವುದಕ್ಕೂ ನಡುವಿನ ಸಮಯವೇ ಕೈತಡ. ದೋಣಿ ಮೊದಲು ಕಂಬಕ್ಕೆ ಬಡಿದು, ಆಮೇಲೆ ವಿನಯದಿಂದ ತಿರುಗಿತು.

“ಎಂಥದು ಮಾರಾಯ್ರೇ, ನಿಮ್ಮ ಹುಡುಗಿಗೆ ಕೈಯೇ ಓಡೂದಿಲ್ಲ!” ಎಂದರು ಅತ್ತೆ. “ನಿಮ್ಮ ಮಗನದ್ದೇನು ಕಮ್ಮಿಯಾ?” ಎಂದರು ಅಪ್ಪ. ಎರಡನೆಯ ಸಲವೂ ಕಂಬ. ನನಗೆ ಅಳು ಬಂತು. ಆಗ ತರಂಗ ಮೆಲ್ಲನೆ, “ಇಬ್ಬರ ಕೈಯೂ ಒಟ್ಟಿಗೇ ಜಡ ಆಗೂದುಂಟಾ ಮಾರಾಯ್ತಿ?” ಎಂದ.

ಹೌದಲ್ಲ! ಅವನು ಹಾರುವ ಮೀನನ್ನು ಬರಿಗೈಯಲ್ಲಿ ಹಿಡಿಯುವವನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತೀರಿ. ಒಮ್ಮೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ, ಹಿರಿಯರೇ.

ಬೀಗ ತೆಗೆಸಿದೆವು. ಯಂತ್ರದ ಭಾರ ತಗ್ಗಲೆಂದು ಅಲಂಕಾರಗಳನ್ನು ಇಳಿಸುತ್ತ ಹೋದೆವು. ಒಂದೊಂದು ನೆರಳು ಹೋದಾಗಲೂ ಅತ್ತೆ ಮೈಮೇಲಿನ ಒಡವೆ ಕಳಚಿದಂತೆ ಕಣ್ಣು ಮುಚ್ಚಿಕೊಂಡರು. ಪರದೆ ತೋರಿಸಬಲ್ಲದ್ದಕ್ಕಿಂತ ತುಸು ಕಡಿಮೆ ಚಿತ್ರಗಳನ್ನೇ ಬಿಡಿಸುವಂತೆ ಯಂತ್ರಕ್ಕೆ ಮಿತಿ ಹಾಕಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನೀವೇ ಕಲಿಸಿದ್ದಲ್ಲವೇ? ನದಿ ಬೋಳಾಯಿತು, ಮರಗಳು ಹಸಿರು ಮುದ್ದೆಗಳಾದವು, ಮೂಲೆಯಲ್ಲಿ ಸಣ್ಣದೊಂದು ಹರಕೂ ಉಳಿಯಿತು. ಆದರೆ ಬೆರಳು ಒತ್ತಿದ್ದೇ ತಡ, ದೋಣಿ ತಿರುಗಿತು. ಅದು ದಡ ಮುಟ್ಟುವಾಗ ಅಪ್ಪನೂ ಅತ್ತೆಯೂ ಜಗಳ ಮರೆತು ಒಂದೇ ತಟ್ಟೆಯ ಲಾಡು ತಿನ್ನುತ್ತಿದ್ದರು.

ಮೊನ್ನೆ ಮನೆ ತುಂಬ ನೆಂಟರು, ನನ್ನ ಪಾಯಸ ತಡವಾಯಿತು. ಅತ್ತೆ ಅಡುಗೆಮನೆಗೆ ಬಂದರು. ನನ್ನ ಕೈಯಿಂದ ಸೌಟು ತೆಗೆದುಕೊಂಡು, “ಭಾರ ಜಾಸ್ತಿ ಆಯ್ತಾ ಕೂಸೇ? ಒಂದೆರಡು ನೆರಳು ಇಳಿಸುವ” ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಪಾಯಸ ತಳ ಹಿಡಿದದ್ದು ಇಬ್ಬರಿಗೂ ತಿಳಿಯಲಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪಕ್ಕದಲ್ಲಿ ಕುಳಿತವರ ದೋಣಿ ಕಂಬಕ್ಕೆ ಬಡಿದರೆ, ಅವರ ಕೈಯನ್ನು ಬೈಯುವ ಮೊದಲು ನೆರಳು ಇಳಿಸಿ ನೋಡಿ.

ನಿಮ್ಮ ಮರಿಮಕ್ಕಳ ಮರಿಮಕ್ಕಳ ಮರಿಮಕ್ಕಳ ಮರಿಮಗಳು,
ಮೇದಿನಿ